ಮೀನಿನ ಮೊಟ್ಟೆಗೆ ಅಯಸ್ಕಾಂತದ ಬಾಣಂತನ

ಸಂಶೋಧನೆ ಎಂಬ ಮಾತು ಕೇಳಿದ ಕೂಡಲೇ ಕಣ್ಣರಳಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ, ಅವರ ಮನೆಗೆ ಸಂಶೋಧಕನಾದ ಭಾವಮೈದ ಬಂದು ಕೂತಿಲ್ಲ. ನನಗೆ ಆ ಯೋಗ ಎಪ್ಪತ್ತರ ದಶಕದ ಕೊನೆಯಲ್ಲಿ, ಕಡೂರಿನಲ್ಲಿ ಹೈಸ್ಕೂಲು ಮೇಷ್ಟರಾಗಿದ್ದಾಗ ಕೂಡಿಬಂತು. ನಡುಮನೆ, ಅಡುಗೆಮನೆ, ಒಂದು ಕೋಣೆ, ಇಷ್ಟೇ ನಮ್ಮ ಬಾಡಿಗೆ ಮನೆ. ಹೆಂಡತಿ ಸರ್ವಮಂಗಳಾಗೆ ಎರಡನೆಯ ಹೆರಿಗೆ ಹತ್ತಿರ ಬಂದಿತ್ತು. ಬಾಣಂತನಕ್ಕೆಂದು ನನ್ನ ಅವ್ವ ಯಗಟಿಯಿಂದ ಬಂದಿದ್ದಳು. ಬಾಣಂತಿ ಬೆಚ್ಚಗಿರಲು ಇದ್ದದ್ದು ಆ ಒಂದೇ ಕೋಣೆ. ಅದರೊಳಗೆ ರುದ್ರೇಶ ಹೊಕ್ಕುಬಿಟ್ಟ.

ರುದ್ರೇಶ ನನ್ನ ಹೆಂಡತಿಯ ತಮ್ಮ. ಅಜ್ಜಂಪುರದ ಈರುಳ್ಳಿ ಮಂಡಿಯಲ್ಲಿ ಅಪ್ಪನ ಪಕ್ಕ ಕೂತು ವ್ಯಾಪಾರ ನೋಡಬೇಕಾದವನು ಪ್ರಾಣಿಶಾಸ್ತ್ರ ಓದಿ, ಅಯಸ್ಕಾಂತದ ಪಕ್ಕದಲ್ಲಿಟ್ಟರೆ ಮೀನಿನ ಮೊಟ್ಟೆಯೊಳಗಿನ ಮರಿ ಸೊಟ್ಟಗೆ ಬೆಳೆಯುತ್ತದೆಯೇ ಎಂದು ಕಂಡುಹಿಡಿಯಲು ಹೊರಟಿದ್ದ. ಜನ ಸೀಮೆಎಣ್ಣೆಗೆ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಅದು. ಮೀನು ಸೊಟ್ಟಗಿದ್ದರೆ ಯಾರ ಗಂಟೇನು ಹೋಯಿತು? ಸಾರಿಗೆ ಬೀಳುವ ಮೀನು ನೆಟ್ಟಗೇ ಬೀಳಬೇಕೆಂದು ಯಾರೂ ಹಟ ಹಿಡಿದದ್ದನ್ನು ನಾನು ಕೇಳಿಲ್ಲ. ಲಿಂಗ ಕಟ್ಟಿದ ನಮಗಂತೂ ಆ ಸಾರಿನ ಸುದ್ದಿಯೇ ಬೇಡ.

“ಕಾಲೇಜಲ್ಲಿ ಮಾಡ್ಕೊಳ್ಳೋದು ಬಿಟ್ಟು ಇಲ್ಲಿಗ್ಯಾಕೆ ತಂದ್ಯಪ್ಪಾ?” ಎಂದೆ.

“ಅಲ್ಲಿ ಎಲ್ಲಿ ನೋಡಿದ್ರೂ ಮೋಟರು, ಫ್ರಿಜ್ಜು, ಫ್ಯಾನು, ಭಾವ. ಅವುಗಳ ಕಾಂತಕ್ಷೇತ್ರ ಬಂದು ಎಲ್ಲಾ ಕೆಡಿಸುತ್ತೆ. ಅಂಥದ್ದು ಏನೂ ಇಲ್ದೇ ಇರೋ ಮನೆ ಹುಡುಕು ಅಂದ್ರು ನಮ್ಮ ಪ್ರೊಫೆಸರು. ತಕ್ಷಣ ನಿಮ್ಮನೇನೇ ನೆನಪಾಯ್ತು.”

ನನ್ನ ಬಡತನಕ್ಕೂ ವೈಜ್ಞಾನಿಕ ಉಪಯೋಗವಿದೆಯೆಂದು ಅಂದು ತಿಳಿಯಿತು. ಇದ್ದದ್ದೊಂದು ರೇಡಿಯೋ. ಅದರ ಸ್ಪೀಕರಿನ ಅಯಸ್ಕಾಂತವನ್ನು ಕಿತ್ತುಕೊಂಡ. ಅದು ಸಾಲದೆಂದು ನನ್ನ ಸೈಕಲ್ಲಿನ ಡೈನಮೋ ಬಿಚ್ಚಿ ಅಲ್ಲಿಂದಲೂ ಒಂದನ್ನು ತೆಗೆದ. ಕ್ರಿಕೆಟ್ ಕಾಮೆಂಟರಿಯೂ ಹೋಯಿತು, ಸೈಕಲ್ ದೀಪವೂ ಹೋಯಿತು. ಆದರೂ ಬಾಯಿ ಮುಚ್ಚಿಕೊಂಡಿದ್ದೆ. “ಒಂದ್ಸಲ ಫಲಿತಾಂಶ ಸರಿಯಾಗಿ ಬಂದ್ರೆ ಸಾಕು ಭಾವ, ಅವತ್ತೇ ಗಂಟುಮೂಟೆ ಕಟ್ತೀನಿ” ಎಂದು ಅವನು ಮಾತು ಕೊಟ್ಟಿದ್ದ. ಇತ್ತ ಸರ್ವಮಂಗಳಾ, “ರೀ, ನನ್ನ ತಮ್ಮ ಅಂತ ಸುಮ್ನಿದೀನಿ. ಆದ್ರೆ ಹೊಟ್ಟೇಲಿರೋದು ಇವನ ಪರೀಕ್ಷೆ ಮುಗಿಯೋತಂಕ ಕಾಯಲ್ಲ” ಎನ್ನುತ್ತಿದ್ದಳು. ಹೀಗಾಗಿ ನಾನು, ನನ್ನಂಥವನು, ಮೀನಿನ ಮರಿಗಳು ಬೇಗ ಸೊಟ್ಟಗಾಗಲೆಂದು ದೇವರಲ್ಲಿ ಬೇಡಿಕೊಳ್ಳತೊಡಗಿದೆ.

ತರೀಕೆರೆಯ ಕಡೆಯಿಂದ ಗೆಂಡೆ ಮೀನಿನ ಮೊಟ್ಟೆಗಳನ್ನು, ನೀರುಗಿಡಕ್ಕೆ ಅಂಟಿಕೊಂಡಂತೆಯೇ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತಂದ. ಕಂಡಕ್ಟರು ಸಬ್ಬಕ್ಕಿ ಪಾಯಸವೆಂದುಕೊಂಡು ಸೀಟು ಬಿಡಿಸಿಕೊಟ್ಟನಂತೆ. ಎರಡು ಗಾಜಿನ ಬೋಗುಣಿಗಳಲ್ಲಿ ಅವನ್ನು ಹಂಚಿದ. ಒಂದರ ಆಚೆ ಈಚೆ ಎರಡು ಅಯಸ್ಕಾಂತ. ಇನ್ನೊಂದು ಹೋಲಿಸಿ ನೋಡಲು, ಅದಕ್ಕೇನೂ ಇಲ್ಲ.

“ಲಿಂಗಪೂಜೆ ಮಾಡೋ ಮನೇಲಿ ಮೀನು ಮಡಗ್ತೀಯೇನೋ? ಎತ್ತಿ ಬಿಸಾಕು!” ಎಂದು ಅವ್ವ ಹಾರಾಡಿದಳು. ರುದ್ರೇಶ ಅವಳ ಕೈಗೆ ಭೂತಗನ್ನಡಿ ಕೊಟ್ಟ. ಮಾರನೆಯ ದಿನ ಅದೇ ಕನ್ನಡಿಯಲ್ಲಿ ನೋಡುತ್ತಿದ್ದವಳು, “ಅಯ್ಯೋ ನನ್ನಪ್ಪಾ, ಕಣ್ಣು ಬಂದೈತೆ ಕಣೋ! ಎರಡೆರಡು ಕಪ್ಪು ಕಣ್ಣು!” ಎಂದು ಕೂಗಿದಳು. ಆಮೇಲೆ ಆ ಕೋಣೆಯ ಹತ್ತಿರ ನಾನು ಕೆಮ್ಮುವ ಹಾಗೂ ಇರಲಿಲ್ಲ. ಇಂಥ ಕಾವಲು ಸಿಕ್ಕಿದ್ದೇ ತಡ, ರುದ್ರೇಶ ಬೋಗುಣಿಗಳಿಗೆ ಬಟ್ಟೆ ಮುಚ್ಚಿ, ಅವ್ವನಿಗೆ ಒಪ್ಪಿಸಿ, ಹೋಳಿಗೆ ತಿನ್ನಲು ಅಜ್ಜಂಪುರಕ್ಕೆ ಹೋದ.

ಹಿಂದಿರುಗಿ ಬಟ್ಟೆ ತೆಗೆದಾಗ ಮರಿಗಳು ಹೊರಬಂದಿದ್ದವು. ಅಲ್ಲಿ ನಾಕಾರು ಸೊಟ್ಟ, ಇಲ್ಲಿಯೂ ನಾಕಾರು ಸೊಟ್ಟ. ಅಯಸ್ಕಾಂತ ಈ ಬೋಗುಣಿಯ ಪಕ್ಕ ಒಂದು, ಆ ಬೋಗುಣಿಯ ಪಕ್ಕ ಒಂದು.

“ಯಾರು ಇದನ್ನ ಮುಟ್ಟಿದ್ದು?” ಅವನ ದನಿ ಅಳುವಂತಾಗಿತ್ತು.

“ನಾನೇ ಕಣಪ್ಪಾ” ಎಂದಳು ಅವ್ವ ಹೆಮ್ಮೆಯಿಂದ. “ಹಸುಗೂಸಿನ ಹತ್ರ ಕಬ್ಬಿಣ ಇಲ್ದಿದ್ರೆ ಗಾಳಿ ಸೋಕ್ತೈತೆ. ನೀನು ನೋಡಿದ್ರೆ ಒಂದಕ್ಕೆ ಎರಡು ಮಡಗಿದೀಯ, ಇನ್ನೊಂದಕ್ಕೆ ಏನೂ ಇಲ್ಲ. ಅವೇನು ಮಲತಾಯಿ ಮಕ್ಕಳಾ? ನೀನು ಅತ್ಲಾಗೆ ಹೋದೇಟಿಗೆ ಹಂಚಿಬಿಟ್ಟೆ.”

“ಏನೋ ಒಂದು ಬರ್ಕೊಂಡು ಹೋಗೋ” ಎಂದು ನಾನು ಗೋಗರೆದೆ. ಒಪ್ಪಲಿಲ್ಲ. “ಸುಳ್ಳು ಬರೆಯೋಕಾಗಲ್ಲ ಭಾವ, ಮೊದಲಿಂದ ಮಾಡ್ಬೇಕು” ಎಂದ. ದೇಶದಲ್ಲಿದ್ದ ಒಬ್ಬನೇ ಒಬ್ಬ ಪ್ರಾಮಾಣಿಕ ನನ್ನ ಮನೆಗೇ ವಕ್ಕರಿಸಬೇಕೇ!

ಅವನು ಹೊಸ ಮೊಟ್ಟೆಗೆ ತರೀಕೆರೆಗೆ ಹೋಗಿದ್ದಾಗ ಹೆರಿಗೆಯಾಯಿತು, ಹೆಣ್ಣುಮಗು. ಅವ್ವ ಬೋಗುಣಿಗಳನ್ನು ನಡುಮನೆಗೆ ನೂಕಿ ಕೋಣೆಯಲ್ಲಿ ತೊಟ್ಟಿಲು ಕಟ್ಟಿದಳು. ಚೀಲ ಹಿಡಿದು ಬಂದ ರುದ್ರೇಶನಿಗೆ ಅಯಸ್ಕಾಂತಗಳು ಕಾಣಲಿಲ್ಲ. “ತೊಟ್ಟಿಲ ಹಾಸಿಗೆ ಕೆಳಗವೆ” ಎಂದಳು ಅವ್ವ. “ಕಬ್ಬಿಣನೇ ಎಳೆಯೋ ಕಬ್ಬಿಣ, ಇನ್ನೂ ಒಳ್ಳೇದು.”

“ಭಾವ, ಅವಿಲ್ದೆ ಶುರು ಮಾಡೋ ಹಾಗೇ ಇಲ್ಲ” ಎಂದ ರುದ್ರೇಶ.

ಮೂಢನಂಬಿಕೆಯ ಮೇಲೆ ತರಗತಿಯಲ್ಲಿ ಗಂಟಲು ಹರಿಯುವಂತೆ ಭಾಷಣ ಬಿಗಿಯುವ ನಾನು ಸೀದಾ ಒಳಗೆ ನುಗ್ಗಿದೆ. ಹಾಸಿಗೆಯಡಿ ಕೈ ಹಾಕಿದೆ. ತಣ್ಣಗೆ ಕೈಗೆ ಸಿಕ್ಕಿದವು. ಮಗಳು ಎಚ್ಚರವಾಗಿದ್ದಳು. ಎರಡು ಕಪ್ಪು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿರುವಂತಿತ್ತು. ಅವೆರಡನ್ನೂ ಇನ್ನಷ್ಟು ಒಳಕ್ಕೆ ತಳ್ಳಿ, ಅವಳ ಬೆನ್ನಿಗೆ ಒತ್ತದಂತೆ ಸರಿಮಾಡಿ, ಹೊರಗೆ ಬಂದೆ.

“ಮಗು ಮಲಗಿದೆ ಕಣೋ, ಆಮೇಲೆ ನೋಡೋಣ” ಎಂದೆ.

ಮಗಳು ತೊಟ್ಟಿಲು ಬಿಟ್ಟಿಳಿದು ನಡೆಯಲು ಕಲಿತಳು. ನೆಟ್ಟಗೇ ನಡೆದಳು. ಅದನ್ನು ಕಣ್ಣಾರೆ ನೋಡಲು ರುದ್ರೇಶ ಇನ್ನೂ ನಮ್ಮ ನಡುಮನೆಯಲ್ಲೇ ಇದ್ದ.