ಸೆಂಬಿಗೆ ನಾನು ಮಾಡಿದ ಫಸ್ಟ್ ಏಡ್

ಟಿಣ್ ಟಿಣ್ ಟಿಣ್ ಎಂದು ಎನಾಮಲ್ ತಟ್ಟೆಗೆ ಮುರುಕು ಚಮಚ ಬಡಿಯುವ ಸದ್ದು ಈಗಲೂ ಒಮ್ಮೊಮ್ಮೆ ನನ್ನ ಕಿವಿಯಲ್ಲಿ ಮೊಳಗುತ್ತದೆ. ಮಗಳು ಇಎನ್‌ಟಿ ಡಾಕ್ಟರಿಗೆ ತೋರಿಸೋಣ ಅನ್ನುತ್ತಾಳೆ. ತೋರಿಸುವಂಥದ್ದೇನಿಲ್ಲ. ಅದು ಮದ್ರಾಸಿನ ಕೀಲ್ಪಾಕಿನಲ್ಲಿದ್ದ ನಮ್ಮ ಹಳೆಯ ಬಾಡಿಗೆ ಮನೆಯ ಹಿತ್ತಿಲಲ್ಲಿ ಅಂಜಲೈ ತನ್ನ ಆರು ಕೋಳಿಗಳನ್ನು ಊಟಕ್ಕೆ ಕರೆಯುವ ಸದ್ದು. ಎಪ್ಪತ್ತು ದಾಟಿದ ಮೇಲೆ ಸುಳ್ಳು ಹೇಳಿ ಗಳಿಸುವುದೇನೂ ಇಲ್ಲವಾದ್ದರಿಂದ ಒಪ್ಪಿಕೊಂಡುಬಿಡುತ್ತೇನೆ: ಏನೂ ಗೊತ್ತಿಲ್ಲದವರಿಂದ ಪ್ರಪಂಚಕ್ಕೆ ಆಗುವ ತೊಂದರೆ ಕಡಿಮೆ, ಸರ್ಟಿಫಿಕೇಟ್ ಇರುವವರಿಂದಲೇ ಹೆಚ್ಚು. ನನ್ನ ಹತ್ತಿರ ಸರ್ಟಿಫಿಕೇಟ್ ಇತ್ತು. ಕಾನ್ವೆಂಟಿನ ಫಸ್ಟ್ ಏಡ್ ಕ್ಲಾಸಿನಲ್ಲಿ ನನ್ನಷ್ಟು ನೀಟಾಗಿ ಬ್ಯಾಂಡೇಜ್ ಸುತ್ತುವ ಹುಡುಗಿ ಇನ್ನೊಬ್ಬಳಿಲ್ಲ ಎಂದು ಸಿಸ್ಟರ್ ಎಲ್ಲರೆದುರು ಹೇಳಿದ್ದರು. ಆ ಮಾತನ್ನು ನಾನು ಮದುವೆಗೆ ತಂದ ಬೆಳ್ಳಿ ಸಾಮಾನಿನ ಜೊತೆಗೇ ಗಂಡನ ಮನೆಗೆ ತಂದಿದ್ದೆ.

ಅಂಜಲೈ ನಮ್ಮ ಔಟ್‌ಹೌಸಿನಲ್ಲಿದ್ದು ಪಾತ್ರೆ ತೊಳೆದುಕೊಡುತ್ತಿದ್ದಳು. ಅವಳ ಕೋಳಿಗಳಿಗೂ ನಮ್ಮ ಅತ್ತೆಗೂ ಒಂದು ಒಪ್ಪಂದವಿತ್ತು. ಬಟ್ಟೆ ಒಗೆಯುವ ಕಲ್ಲೇ ಬಾರ್ಡರ್. ಕೋಳಿಗಳು ಈ ಕಡೆ ಬರಕೂಡದು, ಅತ್ತೆ ಆ ಕಡೆ ಹೋಗುತ್ತಿರಲಿಲ್ಲ. ಅತ್ತೆ ಧಾರವಾಡದ ವೈಷ್ಣವರ ಮಗಳು. ಬೆಳಗಿನ ಸ್ನಾನವಾಗಿ ಮಡಿ ಉಟ್ಟರೆಂದರೆ ಅಡಿಗೆ, ಪೂಜೆ, ಊಟ ಮುಗಿಯುವ ತನಕ ಮೊಮ್ಮಗಳು ಕೂಡ ಅವರನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಇನ್ನೊಂದು ಸ್ನಾನ. ಆ ವರ್ಷ ಮದ್ರಾಸಿನಲ್ಲಿ ನೀರಿನ ಬರ. ನಲ್ಲಿ ಬರುತ್ತಿದ್ದುದು ಬೆಳಗಿನ ಜಾವ ಒಂದೇ ಒಂದು ಗಂಟೆ ಹೊತ್ತು, ಸ್ನಾನಕ್ಕೆ ತಲೆಗೊಂದು ಬಕೆಟ್. ಇನ್ನೊಂದು ಸ್ನಾನವೆಂದರೆ ಮರುದಿನವೇ, ಅಲ್ಲಿಯ ತನಕ ಅನ್ನವಿಲ್ಲ.

ಅಂಜಲೈ ತುಂಬುಗರ್ಭಿಣಿ ಮಗಳನ್ನು ಹೆರಿಗೆಗೆ ಕರೆತರಲು ಅರಕ್ಕೋಣಕ್ಕೆ ಹೊರಟಳು. ಹತ್ತು ದಿನ ಕೋಳಿಗಳು ನನ್ನ ಜವಾಬ್ದಾರಿ. ಹೊರಡುವಾಗ ಕಂದು ಬಣ್ಣದ ಹೇಂಟೆಯನ್ನು ತೋರಿಸಿ, “ಅಮ್ಮಾ, ಸೆಂಬಿಯ ಮಟ್ಟುಂ ನಲ್ಲಾ ಪಾತ್ತುಕೋಂಗ” ಅಂದಳು, ಸೆಂಬಿಯನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳಿ ಎಂದು. ದಿನಾ ಮೊಟ್ಟೆಯಿಡುವುದು ಅದೊಂದೇ. ಮಗಳ ಬಾಣಂತನಕ್ಕೆ ಅವಳ ಆಧಾರವೆಲ್ಲ ಆ ಸೆಂಬಿಯೇ. ಡೋಂಟ್ ವರಿ ಅಂದೆ. ಆ ಇಂಗ್ಲಿಷ್ ಕೇಳಿ ಅವಳಿಗೆ ವರಿ ಶುರುವಾದದ್ದು ಮುಖದಲ್ಲೇ ಕಾಣುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಎಲ್ಲಿಂದಲೋ ಬಂದ ಬೆಕ್ಕು ಸೆಂಬಿಯ ಬೆನ್ನು ಹರಿದುಹಾಕಿತು. ನಾನು ಗಾಬರಿಪಡಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಯಿತು. ಎಷ್ಟು ವರ್ಷಗಳಿಂದ ಆ ಸರ್ಟಿಫಿಕೇಟಿಗೆ ಕೆಲಸವೇ ಇರಲಿಲ್ಲ. ಬಿಸಿನೀರು, ಹತ್ತಿ, ಆಮೇಲೆ ಧಾರಾಳವಾಗಿ ಮರ್ಕ್ಯುರೋಕ್ರೋಮ್. ಅರ್ಧ ಕೋಳಿ ಕೆಂಪಾಯಿತು, ನನ್ನ ಸೀರೆಯೂ. ಮಡಿಯುಟ್ಟ ಅತ್ತೆ ಅಡಿಗೆಮನೆಯ ಹಿಂಬಾಗಿಲಲ್ಲೇ ನಿಂತು ನೋಡುತ್ತಿದ್ದರು.

“ಕೆಂಪ ಹಚ್ಚಬ್ಯಾಡ. ಕೆಂಪ ಕಂಡ್ರ ಉಳದ ಕೋಳಿ ಕುಕ್ಕತಾವ. ಹಂಡೆ ತಳದ ಮಸಿ ಹರಳೆಣ್ಣ್ಯಾಗ ಕಲಸಿ ಹಚ್ಚು.”

ಮಸಿಯಲ್ಲಿ ಜರ್ಮ್ಸ್ ಇರುತ್ತವೆಂದೂ ಇದು ಆಂಟಿಸೆಪ್ಟಿಕ್ ಎಂದೂ ನಾನು ಸಣ್ಣದೊಂದು ಲೆಕ್ಚರ್ ಕೊಟ್ಟೆ.

“ನೀ ಇಂಗ್ಲಿಷ್ ಓದೀದಿ, ಖರೆ. ಕೋಳಿ ಓದ್ಯಾವೇನು?” ಎಂದು ಅತ್ತೆ ಒಳಗೆ ಹೋದರು.

ಪೇಶೆಂಟನ್ನು ಒಂಟಿಯಾಗಿ ಬಿಡಬಾರದು, ಒಡನಾಟವೇ ಅರ್ಧ ಔಷಧಿ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಹಾಗಾಗಿ ಸೆಂಬಿಯನ್ನು ಅದರ ಗೆಳತಿಯರ ನಡುವೆಯೇ ಬಿಟ್ಟು ಕೈ ತೊಳೆಯಲು ಹೋದೆ. ಮರಳಿ ಬರುವಷ್ಟರಲ್ಲಿ ಐದೂ ಗೆಳತಿಯರು ಅದರ ಬೆನ್ನೇರಿದ್ದರು. ಕೆಂಪು ಎಲ್ಲಿದೆಯೋ ಅಲ್ಲೇ ಕೊಕ್ಕು. ನಾನು ಷೂ ಷೂ ಎನ್ನುತ್ತ ಸೆರಗು ಬೀಸಿದೆ. ಕಾನ್ವೆಂಟಿನಲ್ಲಿ ಇದಕ್ಕೆ ಪಾಠವಿರಲಿಲ್ಲ.

ನನ್ನ ಪಕ್ಕದಿಂದ ಏನೋ ನುಗ್ಗಿಹೋಯಿತು. ನೋಡಿದರೆ ಅತ್ತೆ! ಮಡಿಸೀರೆಯಲ್ಲೇ ಒಗೆಯುವ ಕಲ್ಲನ್ನು ದಾಟಿ, ಐದು ಕೋಳಿಗಳನ್ನು ಕೈಯಿಂದಲೇ ತಳ್ಳಿ, ಸೆಂಬಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟರು. ಕೋಳಿಯ ಕಣ್ಣು ಅರ್ಧ ಮುಚ್ಚಿತ್ತು. ಮಸಿ ತಾ ಅಂದರು. ತಂದುಕೊಟ್ಟೆ. ಬಾಲ್ಯದಲ್ಲಿ ತೋಟದಾಳಿನ ಹೆಂಡತಿ ಹೀಗೆ ಹಚ್ಚುವುದನ್ನು ದೂರ ನಿಂತು ನೋಡಿದ್ದರಂತೆ. ಮುಟ್ಟಿದ್ದು ಇದೇ ಮೊದಲು.

ಒಲೆಯ ಮೇಲಿದ್ದ ಹುಳಿಯನ್ನು ನಾನೇ ಮುಗಿಸಿದೆ. ಅತ್ತೆ ಅಂದು ಊಟ ಮಾಡಲಿಲ್ಲ. ಪಕ್ಕದ ಮನೆಯಿಂದ ಒಂದು ಬಕೆಟ್ ನೀರು ಬೇಡಿ ತರುತ್ತೇನೆ ಅಂದೆ. “ಮಂದಿ ಕುಡಿಯೋ ನೀರು ನನ್ನ ಮೈಮ್ಯಾಲ ಸುರೀತಿಯೇನು?” ಅಂದರು. ಕಾಫಿ ಒಯ್ದೆ, ಅದೂ ಬೇಡ. ಸಂಜೆಯ ತನಕ ಜಗಲಿಯಲ್ಲಿ ಬುಟ್ಟಿಯ ಪಕ್ಕ ಕೂತು, ಬೆರಳಿನಿಂದ ಕೋಳಿಯ ಬಾಯಿಗೆ ಹನಿಹನಿ ನೀರು ಬಿಡುತ್ತಿದ್ದರು. ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಆ ಹುಳಿಯನ್ನು ನೆಮ್ಮದಿಯಾಗಿ ಉಣ್ಣುತ್ತಿದ್ದೆ.

ಮರುದಿನದಿಂದ ಕನ್ಸಲ್ಟಿಂಗ್ ಅವರ್ಸ್ ಬೆಳಿಗ್ಗೆ ಐದೂವರೆಗೆ, ಸ್ನಾನಕ್ಕೆ ಮುಂಚೆ. ಹೇಗೂ ಮೀಯುವುದಿದೆ, ಅದಕ್ಕೆ ಮೊದಲು ಏನು ಮುಟ್ಟಿದರೂ ಮಡಿಗೆ ನಷ್ಟವಿಲ್ಲ ಎಂಬುದು ಅತ್ತೆಯ ಲಾಜಿಕ್. ಆರನೆಯ ದಿನ ಸೆಂಬಿ ಬುಟ್ಟಿಯೊಳಗೆ ಮೊಟ್ಟೆಯಿಟ್ಟಿತು. ಅತ್ತೆ ಹೌಹಾರಿ ನನ್ನನ್ನು ಕೂಗಿದರು. ಕೋಳಿ ರೋಗಿ, ಅದನ್ನು ಮುಟ್ಟಬಹುದು. ಮೊಟ್ಟೆಗೆ ಯಾವ ರೋಗವೂ ಇರಲಿಲ್ಲವಲ್ಲ, ಅದನ್ನು ನಾನೇ ಎತ್ತಿದೆ. ಮಗಳೊಂದಿಗೆ ಮರಳಿದ ಅಂಜಲೈ ಕರಿ ಬೆನ್ನಿನ ಕೋಳಿಯನ್ನು ಕಂಡು ಇದು ಯಾರದ್ದು ಎಂದು ಕೇಳಿದಳು. ಕಥೆ ಕೇಳಿದ ಮೇಲೆ ಅತ್ತೆಯನ್ನು ಡಾಕ್ಟರಮ್ಮ ಎಂದೇ ಕರೆಯತೊಡಗಿದಳು. ನಾನು ಬರೀ ಅಮ್ಮನಾಗಿಯೇ ಉಳಿದೆ.

ಕೆಲವು ವರ್ಷಗಳ ನಂತರ ಓನರ್ ಫ್ಲಾಟ್ ಕಟ್ಟಿಸಲು ಹೊರಟ. ನಮಗಿಂತ ಮೊದಲು ಅಂಜಲೈ ಮನೆ ಖಾಲಿ ಮಾಡಿದಳು. ಸೈಕಲ್ ರಿಕ್ಷಾವನ್ನು ಅವಳು ಬರಹೇಳಿದ್ದು ಬೆಳಗಿನ ಐದೂವರೆಗೆ. ಅಷ್ಟು ಬೇಗ ಯಾಕೆ ಎಂದು ನನಗೆ ಹೊಳೆದದ್ದು, ಇನ್ನೂ ಮೀಯದ ಅತ್ತೆ ಹೊರಗೆ ಬಂದು ಅವಳ ಎರಡೂ ಕೈಗಳನ್ನು ಹಿಡಿದುಕೊಂಡಾಗ. ರಿಕ್ಷಾ ಹತ್ತಿ, ಕೋಳಿಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ನನ್ನತ್ತ ತಿರುಗಿದಳು. ಆ ಸಿವಪ್ಪು ಮರುಂದಿನ, ಅಂದರೆ ಕೆಂಪು ಔಷಧಿಯ, ಬಾಟಲನ್ನು ಎಸೆದಿರಾ ಅಮ್ಮಾ ಎಂದು ಕೇಳಿದಳು. ಎಸೆದೆ ಅಂದೆ. ಸಮಾಧಾನವಾದವಳಂತೆ ತಲೆಯಾಡಿಸಿದಳು, ರಿಕ್ಷಾ ಬೀದಿ ತಿರುಗಿತು. ಆಮೇಲೆ ಅವಳನ್ನು ನಾನು ಮತ್ತೆ ನೋಡಲಿಲ್ಲ.

ಬಾಟಲು ಅಲ್ಮೈರಾದಲ್ಲೇ ಇತ್ತು, ಸರ್ಟಿಫಿಕೇಟಿನ ಪಕ್ಕದಲ್ಲಿ.