ಮಿಡಿಗೆ ಹಿಡಿದ ಮಂಜು

ಕಲೆಗೆ ಮೊದಲ ಶತ್ರು ಮನೆಯೇ. ಇದನ್ನು ನಾನು ದೀರ್ಘ ಅನುಭವದಿಂದ ಹೇಳುತ್ತಿದ್ದೇನೆ. (ಕ್ಯಾಮೆರಾ ಕೊಂಡದ್ದು ಹೋದ ದೀಪಾವಳಿಗೆ. ಅದಕ್ಕೂ ಹಿಂದಿನ ಐವತ್ತು ವರ್ಷ ನನ್ನೊಳಗಿನ ಕಲಾವಿದ ಮಲಗಿದ್ದ.)

ಈಚೆಗೆ ಫಿಲ್ಟರುಗಳ ಡಬ್ಬಿಯೊಂದನ್ನು ತರಿಸಿದೆ. ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸುವ ಗಾಜಿನ ಬಿಲ್ಲೆಗಳವು. ಒಂದು ಬೆಳಕಿನ ಚುಕ್ಕೆಯನ್ನು ನಕ್ಷತ್ರವಾಗಿಸುತ್ತದೆ, ಒಂದು ಒಬ್ಬರನ್ನು ಐವರನ್ನಾಗಿಸುತ್ತದೆ, ಇನ್ನೊಂದು ಎದುರಿಗಿದ್ದದ್ದರ ಮೇಲೆಲ್ಲ ಮಂಜು ಹಾಯಿಸುತ್ತದೆ. ಮೊದಲ ಪ್ರಯೋಗ ಹೆಂಡತಿಯ ಮೇಲೆ.

"ನೋಡು, ಐದು ನೀಲಾ!"

ನೀಲಾ ನೋಡಿದಳು. "ಹಾಂಗಾರೆ ಚೌತಿಗೆ ಐದು ಸೀರೆ ತನ್ನಿ."

ಆ ಬಿಲ್ಲೆ ತಕ್ಷಣ ಡಬ್ಬಿಗೆ ಮರಳಿತು. ಆದರೆ ನನ್ನ ಛಲ ಮರಳಲಿಲ್ಲ.

ಭಾನುವಾರ ಸಿರ್ಸಿಯಲ್ಲಿ ಮಹಿಳೆಯರ ಮಾರಾಟ ಮೇಳ. ನೀಲಾ ಮೊದಲ ಸಲ ತನ್ನ ಅಪ್ಪೆಮಿಡಿ ಉಪ್ಪಿನಕಾಯಿಯ ಅಂಗಡಿ ಇಡುವವಳಿದ್ದಳು. ಬೇಸಿಗೆಯಲ್ಲಿ ತೊಟ್ಟು ಮುರಿಯದ ಎಳೆ ಮಾವಿನ ಮಿಡಿಗಳನ್ನು ಒಂದೊಂದಾಗಿ ಆರಿಸಿ, ಉಪ್ಪಿನಲ್ಲಿ ಚಿರುಟಿಸಿ, ಭರಣಿಯ ಹತ್ತಿರ ನನ್ನ ನೆರಳೂ ಸುಳಿಯದಂತೆ ಕಾದಿದ್ದಳು. ವಾಟ್ಸಾಪ್ ಗುಂಪಿಗೆ ಹಾಕಲು ಒಂದು ಫೋಟೋ ಬೇಕಿತ್ತು. ಮೊಬೈಲು ಎತ್ತಿಕೊಂಡವಳನ್ನು ತಡೆದೆ.

"ಆನು ಇದ್ದೂ ಮೊಬೈಲ್ ಫೋಟೋವಾ?"

"ಮಿಡಿ ಮಿಡಿಯಾಂಗೆ ಕಂಡ್ರೆ ಸಾಕು. ಮತ್ತೆಂತ ಬ್ಯಾಡ."

"ಇದ್ದಾಂಗೆ ಕಾಣಲೆ ಕನ್ನಡಿ ಸಾಕು ಮಾರಾಯ್ತಿ. ಇದು ಕಲೆ!"

ಮಂಜಿನ ಬಿಲ್ಲೆ ತೊಡಿಸಿದೆ. ಕಿಟಕಿಯ ಬೆಳಕು, ಗಾಜಿನ ಬಾಟಲಿ, ಮಿಡಿಗಳ ಮೇಲೆ ಬೆಳ್ಳಗೆ ತೇಲುವ ಸ್ವಪ್ನಸದೃಶ ಧೂಮಿಕೆ. ನನಗೇ ರೋಮಾಂಚನವಾಯಿತು. ಅವಳಿಗೆ ತೋರಿಸುವ ಮೊದಲೇ ಗುಂಪಿಗೆ ಹಾಕಿಬಿಟ್ಟೆ.

ಚಹಾ ಆರುವುದರೊಳಗೆ ಹೇರೂರಿನ ಗಂಗೆ ಅತ್ತೆಯ ಫೋನು. ಉಪ್ಪಿನಕಾಯಿಯಲ್ಲಿ ನೀಲಾಳ ಗುರು ಅವಳೇ.

"ಎಂತ ಆತೇ ತಂಗಿ? ಮಿಡಿಗೆ ಬೂಷ್ಟು ಹಿಡದ್ದಲೇ! ಒದ್ದೆ ಸೌಟು ಹಾಕಿದ್ದು ಯಾರು? ಆ ಮಾಣಿಯೇ ಆಗಿರವು. ಅಂವ ಸಣ್ಣಿದ್ದಾಗ್ಲೂ ಹಾಂಗೇ."

(ಮಾಣಿ ಎಂದರೆ ನಾನು.) ಫೋನು ಕಸಿದುಕೊಂಡೆ. "ಅತ್ತೆ, ಅದು ಬೂಷ್ಟಲ್ಲ, ಎಫೆಕ್ಟು!"

"ಈಗಿನವು ಎಫೆಕ್ಟ್ ಹೇಳ್ತ್ವ? ಎಂಗಳ ಕಾಲದಲ್ಲಿ ಬೂಷ್ಟು ಹೇಳ್ತಿದ್ಯ."

ಹಿಂದೆಯೇ ಯಲ್ಲಾಪುರದ ನೇತ್ರಾ. ಮಗಳ ಮದುವೆಗೆ ಬಾಟಲಿಗಳನ್ನು ಹೇಳಿಟ್ಟಿದ್ದವಳು. "ಅಕ್ಕಾರ, ಬ್ಯಾಡ ಬಿಡ್ರಿ. ಬೀಗರು ಉಣ್ಣೂ ಮನಿ ನೋಡ್ರಿ."

ನೀಲಾ ಬೈದಿದ್ದರೆ ಸಹಿಸಬಹುದಿತ್ತು. ಅವಳು ಬಾಟಲಿಗಳ ಮುಚ್ಚಳವನ್ನು ಒಂದೊಂದಾಗಿ ಬಿಗಿ ಮಾಡತೊಡಗಿದಳು. ನಮ್ಮ ಕಡೆ ಉಪ್ಪಿನಕಾಯಿಗೆ ಬೂಷ್ಟು ಬಂತೆಂಬ ಸುದ್ದಿ ಹುಟ್ಟಿದರೆ, ಅದು ಆ ಮನೆಯವಳ ಹೆಸರಿಗೆ ಅಂಟಿಕೊಂಡು ಸೊಸೆಯ ಕಾಲಕ್ಕೂ ಇಳಿಯುತ್ತದೆ.

ತಪ್ಪನ್ನು ಕಲೆಯಿಂದಲೇ ತಿದ್ದುವುದೆಂದು ಪಣ ತೊಟ್ಟೆ. ನಕ್ಷತ್ರದ ಬಿಲ್ಲೆ ಹಾಕಿ, ಉಪ್ಪುನೀರಿನ ಮೇಲೆ ಟಾರ್ಚು ಬಿಟ್ಟು ಇನ್ನೊಂದು ಫೋಟೋ ತೆಗೆದು ಕಳಿಸಿದೆ. ಮಿಡಿಗಳ ನಡುವೆ ಥಳಥಳ ತಾರಾಗಣ!

ಮತ್ತೆ ಗಂಗೆ ಅತ್ತೆ. "ತಂಗಿ, ಬಾಟ್ಲಿ ಒಡದ್ದನೇ? ಒಳಗೆಲ್ಲ ಗಾಜಿನ ಚೂರು ಕಾಣ್ತಲೇ!"

ನೀಲಾ ಎದ್ದಳು. ಕ್ಯಾಮೆರಾವನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. ಬನಿಯನ್ನಿನಲ್ಲಿದ್ದ ನನ್ನನ್ನು ಹಾಗೇ ಬಾಳೆಯೆಲೆಯ ಮುಂದೆ ಕೂರಿಸಿ ಮೊಸರನ್ನ ಬಡಿಸಿ, ಪಕ್ಕದಲ್ಲಿ ಒಂದು ಮಿಡಿ ಇಟ್ಟಳು. "ಕಚ್ಚಿ."

ಕಚ್ಚಿದೆ. ಹುಳಿ ನೆತ್ತಿಗೇರಿತು. ಟಿಕ್ ಎಂದಿತು ಮೊಬೈಲು.

"ನಮ್ಮನೆಯವರೇ ತಿನ್ನುತ್ತಿದ್ದಾರೆ" ಎಂಬ ಒಕ್ಕಣೆಯೊಂದಿಗೆ ಫೋಟೋ ಹೋಯಿತು. ತೊಟ್ಟು ಸಮೇತ ಮಿಡಿ, ಕೆಂಪು ರಸ, ಎಲ್ಲ ಇದ್ದದ್ದು ಇದ್ದ ಹಾಗೆ. ನೇತ್ರಾ ಮೊದಲಿಗಿಂತ ಹೆಚ್ಚು ಬಾಟಲಿ ಕೇಳಿದಳು. ಭಾನುವಾರ ಮಧ್ಯಾಹ್ನದೊಳಗೆ ಅಂಗಡಿ ಖಾಲಿ.

ಆದರೆ ಅದೇ ಫೋಟೋವನ್ನು ಮೇಳದವರು ಬಾಗಿಲಿನಷ್ಟು ದೊಡ್ಡದಾಗಿ ಮುದ್ರಿಸಿ ಅಂಗಡಿಯ ಮುಂದೆ ಕಟ್ಟಿದ್ದರು. ಮುಚ್ಚಿದ ಒಂದು ಕಣ್ಣು, ಸೊಟ್ಟ ಬಾಯಿ, ಬನಿಯನ್ನನ್ನು ಮೀರಿದ ಹೊಟ್ಟೆ. ಹುಲೇಕಲ್ಲಿನಿಂದ ಬಂದ ಭಾವ ನನ್ನನ್ನು ಬದಿಗೆ ಕರೆದು, ಡಾಕ್ಟರಿಗೆ ತೋರಿಸಿದ್ದೇನೆಯೇ ಎಂದು ಮೆಲ್ಲಗೆ ಕೇಳಿದ. ಗಂಗೆ ಅತ್ತೆ ಪಟವನ್ನು ದಿಟ್ಟಿಸಿ ತೀರ್ಪಿತ್ತಳು. "ಮಿಡಿ ಚೊಲೋ ಇದ್ದು. ಮಾಣಿಯೇ ಎಂತಕ್ಕೋ ಕೆಟ್ಟಿದ್ದ."

ಮನೆಗೆ ಬಂದವನೇ ಗುಡುಗಿದೆ. "ಎನ್ನ ಮೋರೆಗಾದ್ರೂ ಆ ಮಂಜಿನ ಬಿಲ್ಲೆ ಹಾಕಲಾಗ್ತಿತ್ತಲೇ!"

ಖಾಲಿ ಭರಣಿ ಒರೆಸುತ್ತಿದ್ದ ನೀಲಾ ತಲೆಯೆತ್ತಲಿಲ್ಲ.

"ಹಾಕಲಾಗ್ತಿತ್ತು. ಆದ್ರೆ ಮಿಡಿಗೆ ಬೂಷ್ಟು ಬಂದ್ರೆ ಚೆಲ್ಲಲಾಗ್ತು. ನಿಂಗಕ್ಕೆ ಬಂದ್ರೆ ಆನು ಎಂತ ಮಾಡದು?"