ಕೆಳಗೆ ಗಾಲಿ ಇಲ್ಲ

ಗೌನಿಪಲ್ಲಿಯ ಅಮರನಾಥ್ ತೀರಿಕೊಂಡ. ಶ್ರೀನಿವಾಸಪುರದ ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಬಾಗಿಲು ತೆರೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕುರ್ಚಿಯಲ್ಲಿ ಕುಳಿತವನು ಮತ್ತೆ ಏಳಲಿಲ್ಲ.

ಸುದ್ದಿ ಬಂದಾಗ ಅವನ ಗೆಳೆಯ ಸೀನ ಕ್ಯಾಲನೂರಿನ ಹಾಲು ಶೀತಲೀಕರಣ ಕೇಂದ್ರದಲ್ಲಿ ಕೆಲಸದ ಮೇಲಿದ್ದ. ಕೇಳಿದ ಮಾತು ತಲೆಗೆ ಇಳಿಯಲಿಲ್ಲ. ಏಕೆಂದರೆ ಅಂದು ಬೆಳಿಗ್ಗೆಯಷ್ಟೇ ಅದೇ ಕುರ್ಚಿಯಿಂದ ಅಮರನಾಥ್ ಎರಡು ವಾಯ್ಸ್ ಮೆಸೇಜ್ ಕಳಿಸಿದ್ದ. ಮೊದಲನೆಯದನ್ನು ಸೀನ ಕೇಳಿದ್ದ. ಎರಡನೆಯದನ್ನು ಆಮೇಲೆ ಕೇಳೋಣ ಅಂತ ಬಿಟ್ಟಿದ್ದ.

ಆ 'ಆಮೇಲೆ' ಬರಲೇ ಇಲ್ಲ. ತಿಥಿಯೂ ಮುಗಿಯಿತು, ಮೆಸೇಜು ಮಾತ್ರ ಹಾಗೇ ಉಳಿಯಿತು. ಅದನ್ನು ಕೇಳಿಬಿಟ್ಟರೆ ಅಮರನಾಥನಿಂದ ಇನ್ನೊಂದು ಹೊಸ ಮಾತು ಈ ಲೋಕದಲ್ಲಿ ಸಿಗುವುದಿಲ್ಲ. ಸೀಸನ್ನಿನ ಕೊನೆಯ ಮಾವಿನಹಣ್ಣನ್ನು ಕೊಯ್ಯದೆ ಇಟ್ಟುಕೊಂಡವನಂತೆ ಸೀನ ಅದನ್ನು ಫೋನಿನಲ್ಲಿ ಜೋಪಾನ ಮಾಡಿಕೊಂಡ.

ಹೀಗಿರುವಾಗ ಮನೆಯಲ್ಲಿ ಅಗ್ನಿಪರ್ವತ ಸಿಡಿಯಿತು. ಅಗ್ನಿಪರ್ವತವೆಂದರೆ ಮಗಳು ಶಿವಾನಿಯ ಗೇಮಿಂಗ್ ಲ್ಯಾಪ್‌ಟಾಪ್. ಕೋಲಾರದ ಕಾಲೇಜಿನಲ್ಲಿ ಅನಿಮೇಷನ್ ಓದುವ ಹುಡುಗಿ, ಮಂಡಿಯ ಹರಾಜಿನಿಂದ ತಪ್ಪಿಸಿಕೊಂಡು ಓಡುವ ಒಂದು ಟೊಮೇಟೊದ ಕಥೆಯನ್ನು ಪುಟ್ಟ ಚಿತ್ರ ಮಾಡುತ್ತಿದ್ದಳು. ಸೋಮವಾರ ಒಪ್ಪಿಸಬೇಕು. ಒಪ್ಪಿಸದಿದ್ದರೆ ವರ್ಷವೇ ಹೋಯಿತು! ಆದರೆ ಟೊಮೇಟೊ ಮಂಡಿಯ ಗೇಟು ದಾಟುವಷ್ಟರಲ್ಲಿ ಲ್ಯಾಪ್‌ಟಾಪ್ ಹೆಂಚಿನಂತೆ ಕಾದು, ಭತ್ತದ ಮಿಲ್ಲಿನಂತೆ ಗುಂಯ್‌ಗುಟ್ಟಿ, ಆಮೆಯಂತೆ ತೆವಳಿ, ಕೊನೆಗೆ ಪಟ್ಟನೆ ಆರಿಹೋಗುತ್ತಿತ್ತು.

"ಅಂಗಡೀಗೆ ಕೊಟ್ರೆ ವಾರ ಇಟ್ಕೋತಾರಪ್ಪಾ. ಅಮರಣ್ಣ ಇದ್ದಿದ್ರೆ..." ಎಂದ ಶಿವಾನಿ ಅಲ್ಲಿಗೇ ನಿಲ್ಲಿಸಿದಳು.

ಸೀನ ಎದ್ದು ನಿಂತ. ತೋಳು ಮಡಿಚಿದ. "ಅಳ್ಬೇಡ ಕಣೇ! ಸುತ್ತಲ ಹತ್ತೂರಿನ ಹಾಲನ್ನ ಕೆಡದಂಗೆ ತಣ್ಣಗಿಡೋ ಗಂಡಸು ನಿಮ್ಮಪ್ಪ. ಮೊರದಗಲದ ಡಬ್ಬಿ ತಣಿಸೋದು ಯಾವ ಮಹಾ!"

"ಶುರುವಾಯ್ತು," ಅಂದಳು ಹೆಂಡತಿ ರಜನಿ, ಅಡುಗೆಮನೆಯಿಂದಲೇ.

ಶೀತಲೀಕರಣ ತಜ್ಞರು ಮೊದಲ ಹೆಜ್ಜೆಯಾಗಿ ಒದ್ದೆ ಟವೆಲ್ ತಂದರು. "ಅಪ್ಪಾ! ಅದೇನು ಜ್ವರ ಬಂದ ಮಗೂನಾ?" ಎಂದು ಶಿವಾನಿ ಟವೆಲ್ ಕಿತ್ತುಕೊಂಡಳು. ಎರಡನೆಯ ಹೆಜ್ಜೆಯಾಗಿ ಫ್ರಿಜ್ಜಿನ ಬಾಗಿಲು ತೆರೆದು ದೋಸೆಹಿಟ್ಟಿನ ಪಾತ್ರೆ ಸರಿಸಿದರು. "ರೀ, ಆ ಜಾಗ ಹಿಟ್ಟಿಂದು. ಹಿಟ್ಟೇ ಇರ್ಲಿ!" ಎಂದು ರಜನಿ ಬಾಗಿಲು ಮುಚ್ಚಿದಳು. ಆಗ ಸೀನನಿಗೆ ಹೊಳೆಯಿತು. ಅಮರನಾಥ್ ಕಳಿಸಿದ ಮೊದಲ ಮೆಸೇಜು ಇದೇ ಲ್ಯಾಪ್‌ಟಾಪಿನ ಬಗ್ಗೆ ಅಲ್ಲವೇ! ಅದು ಬಿಸಿಯಾಗತೊಡಗಿದ ಹೊಸತರಲ್ಲೇ ಸೀನ ಅವನನ್ನು ಕೇಳಿದ್ದ.

ಕೋಣೆಗೆ ಹೋಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದ. ಅದೇ ದನಿ. ಅದೇ ಅವಸರ. ಕೆಲಸದ ಮಾತು ಬಂದರೆ ಅಮರನಾಥನ ಬಾಯಲ್ಲಿ ತೆಲುಗು, ಕನ್ನಡ ಎರಡೂ ಕಲಸಿಕೊಳ್ಳುತ್ತಿದ್ದವು.

"ಒರೇಯ್ ಸೀನಾ, ಸ್ಕ್ರೂ ಬಿಚ್ಚಕ್ಕೆ ಹೋಗ್ಬೇಡ. ದಾನಿಕಿ ಕಿಂದ ಗಾಲಿ ಲೇದು, ಅದೇ ರೋಗ. ಕಿಂದ ಗಾಲಿ ಉಂಟೇ ಅದೇ ಓಡುತ್ತೆ ಕಣೋ!"

ಇಲ್ಲಿ ಸೀನನ ತೆಲುಗು ಪಾಂಡಿತ್ಯದ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನು ಮದ್ದೂರಿನ ಕಡೆಯವನು. ಕೋಲಾರಕ್ಕೆ ಕೆಲಸಕ್ಕೆ ಬಂದು, ಮುಳಬಾಗಿಲಿನ ಹೆಣ್ಣನ್ನು ಮದುವೆಯಾಗಿ, ಮಗಳು ಕಾಲೇಜಿಗೆ ಹೋಗುವಷ್ಟು ಕಾಲವಾದರೂ ತೆಲುಗು ಅವನಿಗೆ ಒಲಿದಿರಲಿಲ್ಲ. ಒಲಿದಿದೆ ಎಂಬ ನಂಬಿಕೆ ಮಾತ್ರ ಅಂತರಗಂಗೆ ಬೆಟ್ಟದಷ್ಟಿತ್ತು! ಅತ್ತೆಮನೆಯಲ್ಲಿ ಯಾರು ಏನಂದರೂ "ಅವುನು, ಅವುನು" ಎಂದು ತಲೆಯಾಡಿಸುತ್ತಿದ್ದ. ಹಾಗೆ ಆಡಿಸಿಯೇ ಒಮ್ಮೆ ಭಾವಮೈದುನನ ಮದುವೆಯ ಅಡುಗೆ ಉಸ್ತುವಾರಿ ಪೂರ್ತಿ ತಲೆಗೆ ಕಟ್ಟಿಸಿಕೊಂಡಿದ್ದ. "ನೀನು ತೆಲುಗು ಮಾತಾಡಿದ್ರೆ ನಮ್ಮೂರ ನಾಯಿಗಳಿಗೂ ಕನ್ನಡ ಬಂದ್ಬಿಡತ್ತೆ ಕಣೋ," ಎಂದು ಅಮರನಾಥ್ ರೇಗಿಸುತ್ತಿದ್ದ.

ಅಂಥ ಪಂಡಿತ ಈಗ ಭಾಷಾಂತರಕ್ಕೆ ಕುಳಿತ. ಕಿಂದ ಎಂದರೆ ಕೆಳಗೆ. ಲೇದು ಎಂದರೆ ಇಲ್ಲ. ಗಾಲಿ ಎಂದರೆ ಗಾಲಿಯೇ, ಅದಕ್ಕೆ ನಿಘಂಟು ಬೇಕೆ? 'ಅದಕ್ಕೆ ಕೆಳಗೆ ಗಾಲಿ ಇಲ್ಲ. ಗಾಲಿ ಇದ್ದರೆ ಅದೇ ಓಡುತ್ತೆ.' ಸರಿಯಾಗಿದೆ! ಗಾಲಿ ಇದ್ದರೆ ಓಡದೆ ಏನು ಮಾಡೀತು! ಬೇರೆ ಯಾರು ಹೇಳಿದ್ದರೂ ಸೀನ ಎರಡು ಸಲ ಯೋಚಿಸುತ್ತಿದ್ದ. ಹೇಳಿದವನು ಅಮರನಾಥ್. ಗೆಳೆಯ ಬಿಟ್ಟುಹೋದ ಮಾತು. ಅಕ್ಷರವೂ ಕೆಳಗೆ ಬೀಳಬಾರದು.

ಬಸ್ ಸ್ಟ್ಯಾಂಡ್ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಾಲ್ಕು ಪುಟ್ಟ ಗಾಲಿ ಕೇಳಿದ.

"ಯಾವ್ದಕ್ಕೆ ಸಾರ್, ಮಂಚಕ್ಕಾ?"

"ಲ್ಯಾಪ್‌ಟಾಪ್‌ಗೆ."

ಅಂಗಡಿಯವನು ಒಂದು ಕ್ಷಣ ನೋಡಿದ. "ತಾನಾಗೆ ನಡಿಯಲ್ವಾ ಸಾರ್?"

"ನಡಿಯತ್ತೆ. ಸ್ವಲ್ಪ ನಿಧಾನ."

ಶಿವಾನಿ ಸ್ನಾನಕ್ಕೆ ಹೋಗಿದ್ದ ಹೊತ್ತು ನೋಡಿ ಸೀನ ಲ್ಯಾಪ್‌ಟಾಪನ್ನು ಅವಳ ಹಾಸಿಗೆಯಿಂದ ಎತ್ತಿ, ಬೋರಲು ಹಾಕಿ, ಮೂಲೆಗೊಂದರಂತೆ ಗಾಲಿ ಅಂಟಿಸಿದ. ಅಂಟೋ, ಆನೆ ಎಳೆದರೂ ಬಿಡದ ಜಾತಿಯದು. ಮೇಜಿನ ಮೇಲೆ ನಿಲ್ಲಿಸಿದ. ರಥ ಸಿದ್ಧವಾಯಿತು!

"ಅಪ್ಪಾ, ಇದೇನಪ್ಪಾ!" ಎಂದು ಶಿವಾನಿ ಕಿರುಚಿದಳು. "ಮೊದಲು ಆನ್ ಮಾಡು, ಆಮೇಲೆ ಕಿರುಚು," ಎಂದ ಸೀನ.

ಅವಳು ಆನ್ ಮಾಡಿದಳು. ನೋಡುತ್ತಾರೆ, ಲ್ಯಾಪ್‌ಟಾಪ್ ಕಾಯಲಿಲ್ಲ! ಫ್ಯಾನಿನ ಕೂಗಾಟ ಇಳಿಯಿತು. ಟೊಮೇಟೊ ಗೇಟು ದಾಟಿತು, ರಸ್ತೆಗಿಳಿಯಿತು, ಆಟೋದಡಿ ನುಸುಳಿತು. ಸೀನನ ಎದೆ ಹಾಲುಕ್ಕಿದಂತೆ ಉಕ್ಕಿತು. ಒಂದೇ ತೊಂದರೆ. ಶಿವಾನಿ ಒಂದು ಕೀ ಒತ್ತಿದರೆ ಲ್ಯಾಪ್‌ಟಾಪ್ ಒಂದು ಗೇಣು ಮುಂದೆ ಹೋಗುತ್ತಿತ್ತು. ಅವಳು ಎಡಗೈಯಲ್ಲಿ ಕರುವಿನ ಕಿವಿ ಹಿಡಿದಂತೆ ಅದನ್ನು ಹಿಡಿದುಕೊಂಡು ಬಲಗೈಯಲ್ಲಿ ಕೆಲಸ ಮಾಡಿದಳು.

"ಅಪ್ಪಾ, ನೀನು ಗ್ರೇಟ್!" ಎಂದು ಅವಳು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು.

ಆ ಮೇಜಿನ ಒಂದು ಕಾಲು ಮೊದಲಿನಿಂದಲೂ ಗಿಡ್ಡ. ಟೊಮೇಟೊ ಹೊತ್ತ ರಥ ಇಳಿಜಾರು ಹಿಡಿದು, ಯಾರ ಅಪ್ಪಣೆಗೂ ಕಾಯದೆ, ಅಂಚು ದಾಟಿ ನೆಲಕ್ಕೆ ಬಿತ್ತು.

ಎತ್ತಿ ನೋಡಿದರೆ ಯಂತ್ರಕ್ಕೆ ಜೀವವಿತ್ತು, ಪರದೆಗೆ ಇರಲಿಲ್ಲ. ಅರ್ಧ ಕಪ್ಪು, ಉಳಿದರ್ಧ ಬಣ್ಣಬಣ್ಣದ ಗೀಟು. ಶಿವಾನಿ ನೆಲದ ಮೇಲೆ ಕುಳಿತುಬಿಟ್ಟಳು.

"ರೀ," ಎಂದಳು ರಜನಿ ಸಣ್ಣ ದನಿಯಲ್ಲಿ. ಆ ಸಣ್ಣ ದನಿಗೇ ಸೀನ ಹೆದರುವುದು. "ಗಾಲಿ ಯಾಕ್ರೀ ಹಾಕಿದ್ರಿ?"

"ನಾನಾಗಿ ಹಾಕ್ಲಿಲ್ಲ ಕಣೇ. ಅಮರನಾಥ್ ಹೇಳಿದ್ದು. ಬೇಕಾದ್ರೆ ಕೇಳು!"

ಫೋನು ಮೇಜಿನ ಮೇಲಿಟ್ಟು ಮೊದಲ ಮೆಸೇಜು ಹಾಕಿದ. ಸತ್ತವನ ದನಿ ಕೋಣೆ ತುಂಬಿತು. ರಜನಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಮೆಸೇಜು ಮುಗಿಯುವ ಹೊತ್ತಿಗೆ ಸೆರಗು ಬಾಯಿಗೆ ಇಳಿದಿತ್ತು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಸೀನ ಅವಳ ಬೆನ್ನು ಸವರಿದ.

"ರೀ... ಅಯ್ಯೋ ದೇವ್ರೇ... ತೆಲುಗಲ್ಲಿ ಗಾಲಿ ಅಂದ್ರೆ ಗಾಳಿ ಕಣ್ರೀ!"

"ಅಂದ್ರೆ?"

"ಅಂದ್ರೆ ಗಾಳಿ! ಉಸಿರಾಡೋ ಗಾಳಿ! ಇವ್ಳು ಹಾಸಿಗೆ ಮೇಲಿಟ್ಕೊಂಡು ಅದರ ಮೂಗು ಮುಚ್ತಿದ್ಲು. ಕೆಳಗಡೆ ಗಾಳಿ ಆಡ್ಲಿ ಅಂದ ಅವ್ನು. ನೀವು ಅದನ್ನ ಗಾಡಿ ಮಾಡ್ಬಿಟ್ರಲ್ರೀ!"

"ಹಂಗಾದ್ರೆ ತಣ್ಣಗಾಗಿದ್ದು?"

"ಗಾಲಿ ಮೇಲೆ ನಿಂತು ಕೆಳಗೆ ಗಾಳಿ ಆಡ್ತಲ್ಲ, ಅದಕ್ಕೆ!"

ನೆಲದ ಮೇಲಿದ್ದ ಶಿವಾನಿ ಮೂಗು ಒರೆಸಿಕೊಳ್ಳುತ್ತಲೇ ಕಿಸಕ್ಕೆಂದಳು. ಅಮರನಾಥ್ ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ನಗು ಬಂದ ಮೇಲೆ ಬುದ್ಧಿಯೂ ಬಂತು. "ಅಮ್ಮಾ, ಸ್ಕ್ರೀನ್ ತಾನೇ ಹೋಗಿರೋದು? ಟೀವಿಗೆ ಕೇಬಲ್ ಹಾಕಿದ್ರೆ ಅದರಲ್ಲೇ ಕಾಣ್ಸತ್ತೆ!"

"ನನ್ನ ಧಾರಾವಾಹಿ?" ಎಂದಳು ರಜನಿ. ಆಮೇಲೆ ತಾನೇ ಕೇಬಲ್ ಹುಡುಕಿ ತಂದಳು.

ಈರುಳ್ಳಿ ತುಂಬಿದ್ದ ಟೊಮೇಟೊ ಕ್ರೇಟನ್ನು ಖಾಲಿ ಮಾಡಿ, ಟೀವಿಯ ಮುಂದೆ ಬೋರಲು ಹಾಕಿ ಲ್ಯಾಪ್‌ಟಾಪ್ ಇಟ್ಟರು. ಕೀಳಲಾಗದ ಗಾಲಿಗಳು ಕ್ರೇಟಿನ ಕಿಂಡಿಗಳಲ್ಲಿ ಇಳಿದು ಗಟ್ಟಿಯಾಗಿ ಕೂತವು. ಸುತ್ತಲೂ ಗಾಳಿ! ಟೀವಿಯ ತುಂಬ ಕೆಂಪು ಟೊಮೇಟೊ ಓಡತೊಡಗಿತು. ಕೆಲಸ ಸೋಮವಾರಕ್ಕೆ ಮುಗಿಯುತ್ತದೆ ಎಂದಳು ಶಿವಾನಿ.

ಫೋನು ಎತ್ತಿಕೊಡಲು ಹೋದ ರಜನಿಯ ಕಣ್ಣಿಗೆ ಆ ಇನ್ನೊಂದು ಮೆಸೇಜು ಬಿತ್ತು. "ಇದನ್ನ ಕೇಳೇ ಇಲ್ವಲ್ರೀ?"

"ಅದು ಕೊನೇದು," ಎಂದ ಸೀನ. "ಕೇಳಿದ್ರೆ ಮುಗ್ದೋಗತ್ತೆ."

ರಜನಿ ಫೋನನ್ನು ಅವನ ಕೈಗಿಟ್ಟಳು. "ಅವ್ನು ಹೇಳಿದ್ದು ಇಟ್ಕೊಳ್ಳಕ್ಕಲ್ಲ, ಕೇಳಕ್ಕೆ. ನಾವಿದೀವಿ, ಹಾಕಿ."

ಸೀನ ಬೆರಳು ಒತ್ತಿದ.

"ಲೇ ಸೀನಾ, ಒಂದ್ ನಿಮಿಷ! ನಿಂಗೆ ತೆಲುಗು ಬರಲ್ಲ ಅನ್ನೋದೇ ಮರ್ತೋಗಿತ್ತು. ಗಾಲಿ ಅಂದ್ರೆ ಗಾಳಿ ಕಣೋ, ಗಾಳಿ! ರಜನಿ ಅಕ್ಕನ್ನ ಕೇಳ್ದೆ ಏನೂ ಮಾಡ್ಬೇಡ. ನಿನ್ನ ನಂಬಕ್ಕಾಗಲ್ಲ, ಹೋಗಿ ನಾಲ್ಕು ಚಕ್ರ ತಂದು ಅಂಟಿಸ್ಬಿಟ್ಟೀಯ!"

ಹಾಗಂದವನು, ಹೇಳಿದ ಮಾತು ತನ್ನ ಕಣ್ಣಿಗೇ ಕಟ್ಟಿತೇನೋ, ಫೋನಿನಿಂದ ಬೆರಳು ತೆಗೆಯುವುದನ್ನೂ ಮರೆತು, ಉಸಿರು ಹಿಡಿದು ಹಿಡಿದು, ನಗುತ್ತಲೇ ಹೋದ.